ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಓದುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನಿಂದ ಮುಂಬಯಿಗೆ ಓದಲೆಂದು ಬಂದ ಕನ್ನಡದ ಹುಡುಗ ಹುಡುಗಿಯರು, ಇಲ್ಲಿಯೇ ಹುಟ್ಟಿ ಬೆಳೆದರೂ ಮನೆಯಲ್ಲಿ ಓದಲು ಒಂದು ಮೂಲೆ ಸಿಗದವರು, ಹಗಲು ದುಡಿದು ದೂರಶಿಕ್ಷಣದಲ್ಲಿ ಪದವಿ ಮಾಡುತ್ತಿರುವವರು, ಹೀಗೆ ಹಲವರು ಕೆಲವು ವರ್ಷಗಳಿಂದ ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳು ಇಲ್ಲಿವೆ. ನಾನು ಗ್ರಂಥಾಲಯದ ನೌಕರನಲ್ಲ. ಡೊಂಬಿವಲಿಯಿಂದ ಹೋಗಿ ಬಂದು ಅದರ ಬೆಂಚುಗಳನ್ನು ಸವೆಸಿದ ಓದುಗ ಮಾತ್ರ. ಸಮಯ, ಶುಲ್ಕ ಮತ್ತು ರಜೆಯ ಪಟ್ಟಿ ವರ್ಷ ವರ್ಷವೂ ಬದಲಾಗುವುದರಿಂದ ಅವುಗಳನ್ನು ಇಲ್ಲಿ ಬರೆದಿಲ್ಲ. ಅವಕ್ಕೆ ಬಾಗಿಲ ಬಳಿಯ ಸೂಚನಾಫಲಕವೇ ಪ್ರಮಾಣ.

ಮನೆಯಲ್ಲೇ ಓದಬಹುದಲ್ಲ, ರೈಲಿನಲ್ಲಿ ಎರಡು ಗಂಟೆ ಕಳೆದು ಅಲ್ಲಿಗೆ ಹೋಗುವುದೇಕೆ ಎಂದು ಮನೆಯವರು ಕೇಳುತ್ತಾರೆ. ಏನು ಹೇಳಲಿ?

ಮನೆಯವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಚಾಳಿನ ಒಂದೇ ಕೋಣೆಯಲ್ಲಿ ಅಡುಗೆ, ಟಿವಿ, ಅಜ್ಜಿಯ ಹಾಸಿಗೆ ಮತ್ತು ಊರಿನಿಂದ ಬಂದ ನೆಂಟರ ನಡುವೆ ಓದುವ ವಿದ್ಯಾರ್ಥಿಗೆ ಗ್ರಂಥಾಲಯವೆಂದರೆ ಮೊದಲು ಒಂದು ಕುರ್ಚಿ ಮತ್ತು ನಿಶ್ಶಬ್ದ, ಪುಸ್ತಕಗಳು ಆಮೇಲೆ. ಆದರೆ ಬರೀ ಕುರ್ಚಿಗಾಗಿ ದಿನವೂ ವಿರಾರ್ ಅಥವಾ ಬದಲಾಪುರದಿಂದ ಹೊರಟು ಬರುವುದು ಜಾಣತನವಲ್ಲವೆಂದೇ ನನ್ನ ಅಭಿಪ್ರಾಯ. ನಿಮ್ಮದೇ ಪಠ್ಯಪುಸ್ತಕವನ್ನು ನಿಮ್ಮದೇ ನೋಟ್ಸಿನ ಜತೆ ಓದುವುದಾದರೆ ಮನೆಯ ಹತ್ತಿರದ ಅಭ್ಯಾಸಿಕೆ ಸಾಕು. ಮುಂಬಯಿ ಮತ್ತು ಪುಣೆಗಳಲ್ಲಿ ಮೇಜು ಕುರ್ಚಿ ಮಾತ್ರವಿರುವ ಓದುವ ಕೋಣೆಗೆ ಮರಾಠಿಯಲ್ಲಿ ಅಭ್ಯಾಸಿಕಾ ಎನ್ನುತ್ತಾರೆ. ಪುಣೆಯ ಸದಾಶಿವ ಪೇಠೆಯಲ್ಲಂತೂ ಸ್ಪರ್ಧಾ ಪರೀಕ್ಷೆಗೆ ಓದುವವರಿಗಾಗಿ ಇಂಥವು ಗಲ್ಲಿಗಲ್ಲಿಯಲ್ಲೂ ಇವೆ. ಬೇರೆಲ್ಲಿಯೂ ಸಿಗದ ಪುಸ್ತಕ, ಹಳೆಯ ನಿಯತಕಾಲಿಕೆ ಅಥವಾ ಪ್ರಬಂಧ ಬೇಕಾದ ದಿನ ಮಾತ್ರ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬನ್ನಿ, ಬಂದ ದಿನ ಬಾಗಿಲು ಹಾಕುವವರೆಗೂ ಕುಳಿತುಕೊಳ್ಳಿ. ವಾರಕ್ಕೆ ಆರು ದಿನ ಅರ್ಧಮರ್ಧ ಕುಳಿತುಕೊಳ್ಳುವುದಕ್ಕಿಂತ ಎರಡು ಪೂರ್ಣ ದಿನ ಕುಳಿತದ್ದು ನನಗೆ ಹೆಚ್ಚು ಫಲ ಕೊಟ್ಟಿತು.

ಫೋರ್ಟಿಗೆ ಹೋಗಬೇಕೋ, ಕಾಲಿನಾಕ್ಕೆ ಹೋಗಬೇಕೋ?

ಎರಡೂ ಒಂದೇ ವಿಶ್ವವಿದ್ಯಾಲಯದವು. ಓವಲ್ ಮೈದಾನದ ಅಂಚಿನಲ್ಲಿ, ಹೈಕೋರ್ಟಿನ ಪಕ್ಕದಲ್ಲಿ ರಾಜಾಬಾಯಿ ಗಡಿಯಾರ ಗೋಪುರಕ್ಕೆ ಅಂಟಿಕೊಂಡಿರುವುದು ಫೋರ್ಟಿನ ಹಳೆಯ ಗ್ರಂಥಾಲಯ. ಅದಕ್ಕೆ ಚರ್ಚ್‌ಗೇಟ್ ನಿಲ್ದಾಣ ಹತ್ತಿರ, ಸಿಎಸ್‌ಎಂಟಿಯಿಂದಲೂ ನಡೆದೇ ಹೋಗಬಹುದು. ಸಾಂತಾಕ್ರೂಜ್ ಪೂರ್ವದ ಕಾಲಿನಾದಲ್ಲಿ, ವಿದ್ಯಾನಗರಿ ಆವರಣದಲ್ಲಿರುವುದು ಜವಾಹರಲಾಲ್ ನೆಹರು ಗ್ರಂಥಾಲಯ. ಮಧ್ಯ ರೈಲ್ವೆಯವರು ಕುರ್ಲಾ ಪಶ್ಚಿಮದಲ್ಲಿ ಇಳಿದರೆ ಕಾಲಿನಾಕ್ಕೆ ಬಸ್ಸು ಸಿಗುತ್ತದೆ. ಬಹುತೇಕ ಸ್ನಾತಕೋತ್ತರ ವಿಭಾಗಗಳು, ಕನ್ನಡ ವಿಭಾಗವೂ ಸೇರಿ, ಕಾಲಿನಾದಲ್ಲೇ ಇರುವುದರಿಂದ ಎಂಎ ಮತ್ತು ಪಿಎಚ್‌ಡಿಯವರ ದಿನನಿತ್ಯದ ಓದಿಗೆ ಅದೇ ಅನುಕೂಲ. ಹೊರಡುವ ಮುನ್ನ ಗ್ರಂಥಾಲಯದ ಆನ್‌ಲೈನ್ ಸೂಚಿಯಲ್ಲಿ ನಿಮ್ಮ ಪುಸ್ತಕ ಯಾವ ಆವರಣದಲ್ಲಿದೆ ಎಂಬುದನ್ನು ನೋಡಿಕೊಳ್ಳಿ. ಕಾಲಿನಾದ ಪುಸ್ತಕಕ್ಕೆ ಫೋರ್ಟಿಗೆ ಹೋಗಿ ಹಿಂದಿರುಗಿದವರು ನನಗೆ ಗೊತ್ತಿರುವವರಲ್ಲೇ ನಾಲ್ಕಾರು ಮಂದಿ ಇದ್ದಾರೆ.

ಫೋರ್ಟಿನ ಕಟ್ಟಡ ನೋಡಲು ಚೆಂದ, ಆದರೆ ಅಲ್ಲಿ ನಿಜವಾಗಿಯೂ ಓದಬಹುದೇ?

ಓದಬಹುದು, ಅದು ವಸ್ತುಸಂಗ್ರಹಾಲಯವಲ್ಲ. 1857ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಹತ್ತಿಯ ವ್ಯಾಪಾರದಲ್ಲಿ ಹೆಸರಾಗಿದ್ದ ಪ್ರೇಮಚಂದ್ ರಾಯಚಂದ್ ಅವರ ದೇಣಿಗೆಯಿಂದ ಈ ಗ್ರಂಥಾಲಯವೂ ಗೋಪುರವೂ ಬಂದವು. ಗೋಪುರಕ್ಕೆ ಅವರ ತಾಯಿಯ ಹೆಸರಿದೆ. ಸರ್ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಇಂಗ್ಲೆಂಡಿನಲ್ಲಿ ಕುಳಿತೇ ವಿನ್ಯಾಸ ಮಾಡಿ ಕಳುಹಿಸಿದ ಈ ಕಟ್ಟಡಕ್ಕೆ 1869ರಲ್ಲಿ ಅಡಿಗಲ್ಲು ಬಿದ್ದು, 1878ರಲ್ಲಿ ಕೆಲಸ ಮುಗಿಯಿತು. ಗೋಪುರದ ಎತ್ತರ ಸುಮಾರು 85 ಮೀಟರ್. 2015ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಬಣ್ಣದ ಗಾಜಿನ ಕಿಟಕಿಗಳಿಗೆ ಮತ್ತೆ ಜೀವ ಬಂದಿತು, 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮುಂಬಯಿಯ ಕಟ್ಟಡಗಳ ಸಮೂಹದಲ್ಲಿ ಇದೂ ಒಂದು. ಓದುಗನಿಗೆ ಇದರಿಂದ ಆಗುವ ಪರಿಣಾಮ ಎರಡು. ಮೊದಲನೆಯದು, ಎತ್ತರದ ಛಾವಣಿ ಮತ್ತು ದೊಡ್ಡ ಕಿಟಕಿಗಳಿಂದಾಗಿ ಹಗಲ ಬೆಳಕು ಚೆನ್ನಾಗಿದೆ. ಎರಡನೆಯದು, ಮೊದಲ ದಿನ ನೀವು ಓದುವುದಿಲ್ಲ. ತಲೆ ಎತ್ತಿ ಛಾವಣಿಯನ್ನೇ ನೋಡುತ್ತ ಕೂರುತ್ತೀರಿ. ಆ ಒಂದು ದಿನವನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟುಬಿಡಿ.

ಸದಸ್ಯತ್ವ ಪಡೆಯಲು ಏನೇನು ಬೇಕು? ಬೇರೆ ವಿಶ್ವವಿದ್ಯಾಲಯದವರಿಗೆ ಪ್ರವೇಶವಿದೆಯೇ?

ವಿಭಾಗದ ವಿದ್ಯಾರ್ಥಿಗಳಿಗೆ ಪ್ರವೇಶದ ರಸೀದಿ, ಗುರುತಿನ ಚೀಟಿ, ಭಾವಚಿತ್ರ ಮತ್ತು ಠೇವಣಿಯ ಹಣ ಇಷ್ಟಿದ್ದರೆ ಕೆಲಸ ಆಗುತ್ತದೆ. ಹೊರಗಿನಿಂದ ಬರುವ ಸಂಶೋಧಕರಿಗೆ ಯಾವುದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸಕ್ಕೆ ಬರುವುದು ಪರಿಚಯ ಪತ್ರ. ನಿಮ್ಮ ಮಾರ್ಗದರ್ಶಕರು ಅಥವಾ ಪ್ರಾಂಶುಪಾಲರು ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಗ್ರಂಥಪಾಲರ ಹೆಸರಿಗೆ ಬರೆದು, ನಿಮ್ಮ ವಿಷಯ ಯಾವುದು, ಎಷ್ಟು ದಿನ ಓದಬೇಕು, ಯಾವ ಬಗೆಯ ಸಾಮಗ್ರಿ ಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳಿ, ಸಹಿ ಮತ್ತು ಮೊಹರು ಹಾಕಿ ಕೊಟ್ಟರೆ ಅಲ್ಲಿಯೇ ಕುಳಿತು ಓದಲು ಅನುಮತಿ ಸಾಮಾನ್ಯವಾಗಿ ಸಿಗುತ್ತದೆ. ಮನೆಗೆ ಪುಸ್ತಕ ಒಯ್ಯಲು ಸಿಗುವುದಿಲ್ಲ. ಧಾರವಾಡದಿಂದಲೋ ಮಂಗಳೂರಿನಿಂದಲೋ ಒಂದು ವಾರಕ್ಕೆಂದು ಬರುವವರು ಹದಿನೈದು ದಿನ ಮೊದಲೇ ಇಮೇಲ್ ಬರೆದು, ಉತ್ತರದ ಪ್ರತಿಯನ್ನು ಜತೆಗೆ ತಂದರೆ ಕಾವಲುಗಾರನಿಂದ ಕೌಂಟರಿನವರೆಗೆ ಎಲ್ಲ ಕಡೆಯೂ ಮಾತು ಸಲೀಸಾಗುತ್ತದೆ.

ನನಗೆ ಮರಾಠಿ ಬರುವುದಿಲ್ಲ. ಫಲಕಗಳು ಮತ್ತು ಅರ್ಜಿಗಳು ಅರ್ಥವಾಗುತ್ತವೆಯೇ?

ಇಂಗ್ಲಿಷಿನಲ್ಲೂ ಕೆಲಸ ನಡೆಯುತ್ತದೆ, ಆದರೆ ಹತ್ತು ಮರಾಠಿ ಪದ ಕಲಿತರೆ ಕೌಂಟರಿನಲ್ಲಿ ಮುಖಗಳು ಅರಳುತ್ತವೆ. ಕನ್ನಡಿಗರಿಗೆ ಇದು ಕಷ್ಟವಲ್ಲ, ಉತ್ತರ ಕರ್ನಾಟಕದವರಿಗಂತೂ ಅರ್ಧ ಪದಗಳು ಮನೆಯವೇ. ನಿಯತಕಾಲಿಕೆ ಎರಡೂ ಭಾಷೆಗಳಲ್ಲಿ ಒಂದೇ. ದಂಡವೂ ಒಂದೇ, ದುರದೃಷ್ಟವಶಾತ್. ಅನಾಮತ ರಕ್ಕಮ್ ಎಂದರೆ ಠೇವಣಿ, ವರ್ಗಣಿ ಎಂದರೆ ಚಂದಾ, ಮುದತ್ ಎಂದರೆ ಪುಸ್ತಕ ಹಿಂದಿರುಗಿಸುವ ಅವಧಿ, ಮುದತವಾಢ ಎಂದರೆ ಆ ಅವಧಿಯ ವಿಸ್ತರಣೆ. ಓಳಖಪತ್ರ ಎಂದರೆ ಗುರುತಿನ ಚೀಟಿ. ದೇವಘೇವ ಎಂಬ ಪದ ಕಂಡರೆ ದೇವರಿಗೂ ಅದಕ್ಕೂ ಸಂಬಂಧವಿಲ್ಲ, ಅದು ಕೊಡು ಕೊಳ್ಳುವ, ಅಂದರೆ ಪುಸ್ತಕ ಪಡೆಯುವ ಮತ್ತು ಹಿಂದಿರುಗಿಸುವ ಜಾಗ.

ಎಡವುವುದು ನೋಡಲು ಒಂದೇ ಇದ್ದು ಅರ್ಥ ಬೇರೆಯಾಗಿರುವ ಪದಗಳಲ್ಲಿ. ಸಂದರ್ಭ ವಿಭಾಗವೆಂದರೆ ನಾವು ಪರಾಮರ್ಶನ ವಿಭಾಗ ಎನ್ನುವ, ನಿಘಂಟು ವಿಶ್ವಕೋಶಗಳಿರುವ ವಿಭಾಗ; ಅಲ್ಲಿಯ ಪುಸ್ತಕ ಹೊರಗೆ ಹೋಗುವುದಿಲ್ಲ. ಪಾವತಿ ಎಂದರೆ ನಮಗೆ ಹಣ ಕಟ್ಟುವುದು, ಅವರಿಗೆ ಹಣ ಕಟ್ಟಿದ್ದಕ್ಕೆ ಕೊಡುವ ರಸೀದಿ. ಠೇವಣಿ ಕಟ್ಟಿದ ಮೇಲೆ ಗುಮಾಸ್ತರು ಪಾವತಿ ತೆಗೆದುಕೊಳ್ಳಿ ಎಂದಾಗ ನಾನು ಇನ್ನೊಮ್ಮೆ ಹಣ ಕೇಳುತ್ತಿದ್ದಾರೆಂದು ತಿಳಿದು ವಾದಕ್ಕೆ ನಿಂತಿದ್ದೆ. ಅವರು ಕಿಸಕ್ಕನೆ ನಕ್ಕು, ನೀವು ಕಾನಡಿಯೇ ಎಂದು ಕೇಳಿದರು.

ಸೂಚಿಯಲ್ಲಿ ಪುಸ್ತಕ ಇದೆ ಎನ್ನುತ್ತದೆ, ಕಪಾಟಿನಲ್ಲಿ ಸಿಗುವುದಿಲ್ಲ. ಏನು ಮಾಡಬೇಕು?

ಮೊದಲು ಪುಸ್ತಕದ ಬೆನ್ನಿನ ಮೇಲಿರುವ ಸಂಖ್ಯೆಯನ್ನು ಓದುವ ಕ್ರಮ ತಿಳಿದಿರಬೇಕು. ನಮ್ಮ ದೇಶದ ಬಹಳಷ್ಟು ಗ್ರಂಥಾಲಯಗಳಲ್ಲಿ ಬಳಕೆಯಲ್ಲಿರುವುದು ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ. ಅದರಲ್ಲಿ ಲೋಕದ ವಿದ್ಯೆಯೆಲ್ಲ 000ಯಿಂದ 999ರ ವರೆಗೆ ಹಂಚಿಹೋಗಿದೆ: 330 ಅರ್ಥಶಾಸ್ತ್ರ, 510 ಗಣಿತ, 954 ಭಾರತದ ಇತಿಹಾಸ. ಕನ್ನಡ ಸಾಹಿತ್ಯಕ್ಕೆ 894.814, ಮರಾಠಿ ಸಾಹಿತ್ಯಕ್ಕೆ 891.46. ಚುಕ್ಕೆಯ ನಂತರದ ಅಂಕಿಗಳನ್ನು ಪೂರ್ಣಸಂಖ್ಯೆಯಂತೆ ಓದಬಾರದು, 894.814 ಬರುವುದು 894.82ಕ್ಕಿಂತ ಮೊದಲು, ಏಕೆಂದರೆ ಎಂಟರ ನಂತರದ ಒಂದು ಎರಡಕ್ಕಿಂತ ಚಿಕ್ಕದು. ಈ ಒಂದು ಅಂಶ ಗೊತ್ತಿಲ್ಲದೆ ತಪ್ಪು ಸಾಲಿನಲ್ಲಿ ಅರ್ಧ ಗಂಟೆ ಹುಡುಕುವವರೇ ಹೆಚ್ಚು. ನಮ್ಮವರೇ ಆದ ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ರೂಪಿಸಿದ ಕೋಲನ್ ವರ್ಗೀಕರಣವನ್ನು ಅನುಸರಿಸುವ ಗ್ರಂಥಾಲಯಗಳೂ ಇವೆ. ಅಲ್ಲಿ ಸಂಖ್ಯೆಯ ಜತೆಗೆ ಅಕ್ಷರಗಳೂ ಚಿಹ್ನೆಗಳೂ ಬರುತ್ತವೆ.

ಸಂಖ್ಯೆ ಸರಿಯಿದ್ದೂ ಪುಸ್ತಕ ಕಾಣದಿದ್ದರೆ ಅದರ ಎಡಕ್ಕೂ ಬಲಕ್ಕೂ ಒಂದೊಂದು ಮೊಳ ನೋಡಿ, ಕಪಾಟಿನ ಹಿಂದೆ ಜಾರಿ ಬಿದ್ದಿದೆಯೇ ಎಂದು ಕೈಯಾಡಿಸಿ, ಆಮೇಲೆ ಓದಿ ಬಿಟ್ಟ ಪುಸ್ತಕಗಳನ್ನು ರಾಶಿ ಹಾಕಿರುವ ಮೇಜನ್ನು ನೋಡಿ. ಪರೀಕ್ಷೆಯ ಕಾಲದಲ್ಲಿ ಕೆಲವರು ಬೇಡಿಕೆಯ ಪುಸ್ತಕವನ್ನು ಬೇರೆ ವಿಷಯದ ಕಪಾಟಿನಲ್ಲಿ ಬಚ್ಚಿಟ್ಟು ಹೋಗುತ್ತಾರೆ. ಅರ್ಥಶಾಸ್ತ್ರದ ಪುಸ್ತಕ ಪ್ರಾಣಿಶಾಸ್ತ್ರದ ನಡುವೆ ಸಿಕ್ಕಿದ್ದನ್ನು ನಾನೇ ಕಂಡಿದ್ದೇನೆ. ಇದಕ್ಕಿಂತ ಕೆಟ್ಟ ಕಳ್ಳತನ ನನಗೆ ಗೊತ್ತಿಲ್ಲ, ಕದ್ದವನಾದರೂ ಓದಬಹುದು. ಎಲ್ಲಿಯೂ ಇಲ್ಲದಿದ್ದರೆ ಸಂಖ್ಯೆ, ಲೇಖಕರು, ಶೀರ್ಷಿಕೆ ಬರೆದ ಚೀಟಿಯನ್ನು ಸಿಬ್ಬಂದಿಗೆ ಕೊಟ್ಟು ನಿಮ್ಮ ಹೆಸರಿಗೆ ಕಾದಿರಿಸಿ. ಪುಸ್ತಕಗಳನ್ನು ಒಳಗಿನಿಂದ ಸಿಬ್ಬಂದಿಯೇ ತಂದುಕೊಡುವ ವಿಭಾಗಗಳಲ್ಲಿ ಚೀಟಿಯನ್ನು ಬೆಳಗ್ಗೆ ಬಂದ ಕೂಡಲೇ ಕೊಡಬೇಕು. ಊಟದ ಹೊತ್ತಿಗೆ ಕೊಟ್ಟ ಚೀಟಿಗೆ ಸಂಜೆಯೇ ಗತಿ.

ನನ್ನದು ಕನ್ನಡ ಸಂಶೋಧನೆ. ಅದಕ್ಕೆ ಬೆಂಗಳೂರು, ಧಾರವಾಡ, ಮೈಸೂರು ಬಿಟ್ಟು ಮುಂಬಯಿಯಲ್ಲಿ ಏನು ಸಿಗುತ್ತದೆ?

ಈ ಪ್ರಶ್ನೆ ಬಂದಾಗಲೆಲ್ಲ ನಾನು ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ. ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರ ವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಕಂದಾಯದ ವರದಿ, ಶಿಕ್ಷಣ ಇಲಾಖೆಯ ವರದಿ, ಜಿಲ್ಲೆಯ ಸಮಗ್ರ ವಿವರ ಕೊಡುವ ಸರಕಾರಿ ಗ್ರಂಥವಾದ ಗೆಜೆಟಿಯರು, ಶಾಸನ ಕುರಿತ ಲೇಖನ, ಎಲ್ಲವೂ ಬಂದು ಸೇರುತ್ತಿದ್ದುದು ಈ ಊರಿಗೆ. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು ಕೂಡ ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಕರ್ನಾಟಕ ವಿಶ್ವವಿದ್ಯಾಲಯವೇ 1949ರಲ್ಲಿ ಮುಂಬಯಿಯಲ್ಲಿ ಕಚೇರಿ ತೆರೆದು, ಮರುವರ್ಷ ಧಾರವಾಡಕ್ಕೆ ಹೋಯಿತು. ಹಾಗಾಗಿ 20ನೆಯ ಶತಮಾನದ ಮೊದಲರ್ಧದ ಉತ್ತರ ಕರ್ನಾಟಕದ ವಿದ್ಯಾವಂತರ ಪದವಿಯ ಜಾಡು ಹಿಡಿಯುವವರು ಈ ವಿಶ್ವವಿದ್ಯಾಲಯದ ಹಳೆಯ ಕ್ಯಾಲೆಂಡರುಗಳನ್ನು ನೋಡಲೇಬೇಕು. ಕ್ಯಾಲೆಂಡರೆಂದರೆ ಗೋಡೆಗೆ ತೂಗುಹಾಕುವುದಲ್ಲ. ಪಠ್ಯಕ್ರಮ, ನಿಯಮಾವಳಿ, ತೇರ್ಗಡೆಯಾದವರ ಹೆಸರುಗಳಿರುತ್ತಿದ್ದ ದಪ್ಪ ವಾರ್ಷಿಕ ಪುಸ್ತಕ.

ಆಮೇಲೆ ಮುಂಬಯಿ ಪ್ರೆಸಿಡೆನ್ಸಿಯ, ಅಂದರೆ ಬ್ರಿಟಿಷರ ಕಾಲದ ಮುಂಬಯಿ ಪ್ರಾಂತದ ಗೆಜೆಟಿಯರುಗಳು. ಹದಿನೈದನೆಯ ಸಂಪುಟ ಕೆನರಾ, ಅಂದರೆ ಉತ್ತರ ಕನ್ನಡ, 1883ರದು. ಇಪ್ಪತ್ತೊಂದು ಬೆಳಗಾವಿ, ಇಪ್ಪತ್ತೆರಡು ಧಾರವಾಡ, ಇಪ್ಪತ್ತಮೂರು ವಿಜಾಪುರ, ಮೂರೂ 1884ರವು. ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ಶಾಸನತಜ್ಞ ಜೆ. ಎಫ್. ಫ್ಲೀಟ್ ಬರೆದ ದೀರ್ಘ ಭಾಗ ಮೊದಲ ಸಂಪುಟದ ಎರಡನೆಯ ಭಾಗದಲ್ಲಿ, 1896ರಲ್ಲಿ ಬಂದಿತು. ಇವುಗಳಲ್ಲಿ ಅನೇಕವನ್ನು ಇಂದು ಮೊಬೈಲಿನಲ್ಲೇ ಓದಬಹುದು. ಆದರೆ ಮಡಚಿಟ್ಟ ನಕಾಶೆಗಳು ಸ್ಕ್ಯಾನ್ ಮಾಡುವಾಗ ಮಡಚಿದಂತೆಯೇ ಉಳಿದುಬಿಟ್ಟಿರುವುದುಂಟು. ನಕಾಶೆ ಬೇಕಾದವರು ಮೂಲ ಪ್ರತಿಯ ಮುಂದೆಯೇ ಕೂರಬೇಕು.

ವಿಶ್ವವಿದ್ಯಾಲಯದ ಹೊರಗೂ ಕಾಲ್ನಡಿಗೆಯ ದೂರದಲ್ಲಿ ಇನ್ನೆರಡು ಜಾಗಗಳಿವೆ. ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ರಾಜ್ಯ ಪತ್ರಾಗಾರವಿದೆ. ಆಡಳಿತದ ಮೂಲ ದಾಖಲೆಗಳು ಅಲ್ಲಿವೆ. ಹಾರ್ನಿಮನ್ ವೃತ್ತದ ಎದುರಿನ ಟೌನ್ ಹಾಲ್‌ನಲ್ಲಿ, 1804ರಲ್ಲಿ ಹುಟ್ಟಿದ ಏಷ್ಯಾಟಿಕ್ ಸೊಸೈಟಿಯಿದೆ. ಅದರ ಹಳೆಯ ಜರ್ನಲ್‌ಗಳಲ್ಲಿ ಕನ್ನಡ ಶಾಸನಗಳ ಬಗ್ಗೆ ಫ್ಲೀಟರ ಲೇಖನಗಳಿವೆ. ಜೇಮ್ಸ್ ಬರ್ಜೆಸ್ 1872ರಲ್ಲಿ ಮುಂಬಯಿಯಿಂದಲೇ ಆರಂಭಿಸಿದ ಇಂಡಿಯನ್ ಆಂಟಿಕ್ವರಿಯಲ್ಲೂ ಇವೆ. ಅದೇ ಕಟ್ಟಡಕ್ಕೆ ಸೇರಿದ ರಾಜ್ಯ ಕೇಂದ್ರ ಗ್ರಂಥಾಲಯ 1954ರ ಗ್ರಂಥ ಸಲ್ಲಿಕೆ ಕಾಯಿದೆಯಂತೆ ದೇಶದ ಪ್ರತಿಯೊಂದು ಪ್ರಕಟಣೆಯ ಪ್ರತಿಯೂ ಸಲ್ಲಬೇಕಾದ ನಾಲ್ಕು ಗ್ರಂಥಾಲಯಗಳಲ್ಲಿ ಒಂದು. ಉಳಿದ ಮೂರು ಕೋಲ್ಕತ್ತ, ಚೆನ್ನೈ ಮತ್ತು ದೆಹಲಿಯವು. ಬೆಂಗಳೂರೂ ಇಲ್ಲ, ಧಾರವಾಡವೂ ಇಲ್ಲ, ಮುಂಬಯಿ ಇದೆ ಎಂಬುದನ್ನು ಗಮನಿಸಿ. ಪ್ರತಿ ಕಳುಹಿಸುವ ನಿಯಮವನ್ನು ಎಲ್ಲ ಪ್ರಕಾಶಕರೂ ಪಾಲಿಸುವುದಿಲ್ಲ, ಆದರೂ ಊರಿನಲ್ಲಿ ಸಿಗದ ಕನ್ನಡ ಪುಸ್ತಕವನ್ನು ಅಲ್ಲೊಮ್ಮೆ ಕೇಳಿ ನೋಡದೆ ಇಲ್ಲವೆಂದು ತೀರ್ಮಾನಿಸಬಾರದು.

ಮುಂಬಯಿ ಕನ್ನಡಿಗರ ಬಗೆಗೇ ಸಂಶೋಧನೆ ಮಾಡುವವರು, ಅಂದರೆ ರಾತ್ರಿ ಶಾಲೆಗಳು, ಹೋಟೆಲು ಕಾರ್ಮಿಕರು, ನಾಟಕ, ಪತ್ರಿಕೆಗಳನ್ನು ಕುರಿತು ಬರೆಯುವವರು, ಕಾಲಿನಾದ ಕನ್ನಡ ವಿಭಾಗದಿಂದ ಆರಂಭಿಸಿ ಮಾಟುಂಗಾದ ಮೈಸೂರು ಅಸೋಸಿಯೇಷನ್ ಮತ್ತು ಕರ್ನಾಟಕ ಸಂಘದಂಥ ಸಂಸ್ಥೆಗಳಿಗೆ ಹೋಗಬೇಕಾಗುತ್ತದೆ. ಸ್ಮರಣ ಸಂಚಿಕೆಗಳು, ವಾರ್ಷಿಕ ವರದಿಗಳು ಮತ್ತು ಆಮಂತ್ರಣ ಪತ್ರಿಕೆಗಳು ವಿಶ್ವವಿದ್ಯಾಲಯದ ಕಪಾಟಿಗೆ ಬರುವುದು ಅಪರೂಪ. ಅವು ಹಿರಿಯರ ಮನೆಯ ಅಟ್ಟದ ಮೇಲಿರುತ್ತವೆ, ಮನೆ ಬದಲಾಯಿಸುವಾಗ ರದ್ದಿಗೆ ಹೋಗುತ್ತವೆ. ಅಂಥ ಅಟ್ಟದ ಸುದ್ದಿ ಕಿವಿಗೆ ಬಿದ್ದರೆ ಅದೇ ವಾರ ಹೋಗಿ.

ಎಲ್ಲವೂ ಆನ್‌ಲೈನಿನಲ್ಲಿ ಇರುವಾಗ ಗ್ರಂಥಾಲಯದ ಸದಸ್ಯತ್ವದಿಂದ ಏನು ಲಾಭ?

ಎಲ್ಲವೂ ಇಲ್ಲ, ಇರುವುದೂ ಎಲ್ಲ ಉಚಿತವಲ್ಲ. ಹಣ ಕೊಟ್ಟು ಓದಬೇಕಾದ ಅಂತರರಾಷ್ಟ್ರೀಯ ಜರ್ನಲ್‌ಗಳಿಗೆ ಸರಕಾರಿ ಉನ್ನತ ಶಿಕ್ಷಣ ಸಂಸ್ಥೆಗಳ ವಿದ್ಯಾರ್ಥಿಗಳು ಈಗ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯ ಮೂಲಕ ಪ್ರವೇಶ ಪಡೆಯುತ್ತಾರೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ಈ ಯೋಜನೆ 2025ರ ಜನವರಿಯಿಂದ ಆರಂಭವಾಯಿತು, 30 ಪ್ರಕಾಶಕರ 13,000ಕ್ಕೂ ಹೆಚ್ಚು ಜರ್ನಲ್‌ಗಳು ಅದರಲ್ಲಿವೆ. ಇದಕ್ಕೆ ಲಾಗಿನ್ ಸಿಗುವುದು ಸಂಸ್ಥೆಯ ಮೂಲಕವಾದ್ದರಿಂದ ಗ್ರಂಥಾಲಯದಲ್ಲೇ ವಿಚಾರಿಸಬೇಕು. ದೇಶದ ಪಿಎಚ್‌ಡಿ ಪ್ರಬಂಧಗಳಿರುವ ಶೋಧಗಂಗಾ ಎಲ್ಲರಿಗೂ ತೆರೆದಿದೆ. ವಿಷಯ ಆರಿಸಿಕೊಳ್ಳುವ ಮೊದಲೇ ಅದನ್ನು ನೋಡದೆ, ಎರಡು ವರ್ಷ ದುಡಿದ ಮೇಲೆ ಅದೇ ವಿಷಯದ ಪ್ರಬಂಧ ಸಿಕ್ಕಿ ಕಂಗಾಲಾದವರಿದ್ದಾರೆ. ಹಳೆಯ ಪ್ರಬಂಧಗಳಲ್ಲಿ ಹಲವು ಮಾತ್ರ ಇಂದಿಗೂ ಟೈಪು ಮಾಡಿದ ಪ್ರತಿಯಾಗಿ ಕಪಾಟಿನಲ್ಲೇ ಇವೆ.

ಒಂದು ಎಚ್ಚರಿಕೆ: ನಕಲು ಎಷ್ಟಿದೆ ಎಂದು ಅಳೆಯುವ ತಂತ್ರಾಂಶಕ್ಕೆ ನಿಮ್ಮ ಪ್ರಬಂಧವೂ ಹೋಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಂತೆ ಶೇ 10ರ ವರೆಗಿನ ಹೋಲಿಕೆಗೆ ದಂಡನೆಯಿಲ್ಲ. 10ರಿಂದ 40ರ ವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇ 60 ದಾಟಿದರೆ ನೋಂದಣಿಯೇ ರದ್ದು. ಓದುವಾಗಲೇ ಇನ್ನೊಬ್ಬರ ವಾಕ್ಯಕ್ಕೆ ಉದ್ಧರಣ ಚಿಹ್ನೆ ಹಾಕಿ ಪುಟಸಂಖ್ಯೆ ಬರೆದುಕೊಂಡವರಿಗೆ ಈ ಭಯವಿಲ್ಲ.

ಕರವಸ್ತ್ರ ಹಾಕಿ ಸೀಟು ಹಿಡಿಯಬಹುದೇ?

ಬೇಡ. ಅದು ಲೋಕಲಿನ ಧರ್ಮ, ಓದುವ ಕೋಣೆಯಲ್ಲಿ ನಡೆಯುವುದಿಲ್ಲ. ಚಹಾಕ್ಕೆ ಹೋದವರ ಪುಸ್ತಕಗಳನ್ನು ಹದಿನೈದು ನಿಮಿಷ ಯಾರೂ ಮುಟ್ಟುವುದಿಲ್ಲ, ಗಂಟೆಗಟ್ಟಲೆ ಬಾರದಿದ್ದರೆ ಸಿಬ್ಬಂದಿ ಎತ್ತಿಡುತ್ತಾರೆ, ಎತ್ತಿಡಲೂ ಬೇಕು. ಮೂವರ ಬೆಂಚಿನಲ್ಲಿ ನಾಲ್ಕನೆಯವರಾಗಿ ಅಂಚಿಗೆ ಕೂರುವ ಮುಂಬಯಿ ಅಭ್ಯಾಸವನ್ನೂ ರೈಲಿನಲ್ಲೇ ಬಿಟ್ಟು ಬನ್ನಿ. ಏಪ್ರಿಲ್ ಮತ್ತು ನವೆಂಬರಿನ ಪರೀಕ್ಷಾ ಕಾಲದಲ್ಲಿ ಬಾಗಿಲು ತೆರೆಯುವ ಮೊದಲೇ ಸರದಿಯಲ್ಲಿ ನಿಲ್ಲುವುದೊಂದೇ ದಾರಿ.

ಜತೆಯಲ್ಲಿ ಏನು ಒಯ್ಯಬೇಕು, ಊಟಕ್ಕೆ ಏನು ಮಾಡಬೇಕು?

ಚೀಲವನ್ನು ಹೊರಗಿಟ್ಟು ಟೋಕನ್ ಪಡೆಯಬೇಕಾಗುವುದರಿಂದ ಹಣ, ಮೊಬೈಲು, ಲ್ಯಾಪ್‌ಟಾಪುಗಳನ್ನು ಕೈಯಲ್ಲೇ ಇಟ್ಟುಕೊಳ್ಳಿ. ಹಳೆಯ ಪುಸ್ತಕ, ಹಸ್ತಪ್ರತಿ ನೋಡುವವರು ಪೆನ್ನಿನ ಬದಲು ಪೆನ್ಸಿಲ್ ಒಯ್ಯಿರಿ. ಮಳೆಗಾಲದಲ್ಲಿ ಒದ್ದೆ ಕೊಡೆಯನ್ನು ಒಳಗೆ ತರಬಾರದು, ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಹೊದಿಕೆಯಿಲ್ಲದೆ ಹೊರಗೆ ಒಯ್ಯಬಾರದು. ಡಬ್ಬಿಯನ್ನು ಓದುವ ಕೋಣೆಯಲ್ಲಿ ತೆರೆಯುವಂತಿಲ್ಲ. ತುಂಡು ಚಪಾತಿಗೆ ಬರುವ ಜಿರಲೆಗಳು ಮುಂದೆ ಪುಸ್ತಕದ ಅಂಟನ್ನೂ ತಿನ್ನುತ್ತವೆ. ಫೋರ್ಟಿನಲ್ಲಿ ಉಡುಪಿ ಹೋಟೆಲುಗಳಿಗೆ ಬರವಿಲ್ಲ, ಆದರೆ ಒಂದು ಗಂಟೆಯ ಹೊತ್ತಿಗೆ ಕಚೇರಿಯವರ ನೂಕುನುಗ್ಗಲಿರುತ್ತದೆ. ಹನ್ನೆರಡಕ್ಕೇ ಉಂಡುಬಿಡುವುದು ಒಳ್ಳೆಯದು.

ಐದು ಗಂಟೆ ಕುಳಿತರೂ ಓದಿದ್ದು ತಲೆಗೆ ಹತ್ತುವುದಿಲ್ಲ. ಏನು ಕಾರಣ?

ಓದಿದ್ದನ್ನೇ ಮತ್ತೆ ಮತ್ತೆ ಓದುತ್ತಿರಬಹುದು. ಗೆರೆ ಎಳೆದ ಪುಟವನ್ನು ಮೂರನೆಯ ಬಾರಿ ಓದುವಾಗ ಎಲ್ಲವೂ ಪರಿಚಿತವೆನಿಸುತ್ತದೆ, ಪರಿಚಯವನ್ನೇ ನಾವು ತಿಳಿವಳಿಕೆ ಎಂದುಕೊಳ್ಳುತ್ತೇವೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಒಂದು ಪಾಠವನ್ನು ಪುನಃ ಓದಿದರು, ಇಲ್ಲವೇ ಓದಿದ ಮೇಲೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಪುನಃ ಓದಿದವರು ಮುಂದಿದ್ದರು; ಎರಡು ದಿನ ಮತ್ತು ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ನಿಮ್ಮ ಪರೀಕ್ಷೆ ಐದು ನಿಮಿಷದ ನಂತರ ಇರುವುದಿಲ್ಲವಾದ್ದರಿಂದ, ಒಂದು ಅಧ್ಯಾಯ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಾದದ್ದನ್ನೆಲ್ಲ ಬರೆದು, ಆಮೇಲೆ ತೆರೆದು ತಾಳೆ ನೋಡಿ. ಫೋರ್ಟಿನಲ್ಲಿ ಗೋಪುರದ ಗಂಟೆ ಬಾರಿಸಿದಾಗಲೆಲ್ಲ ನಾನು ಹೀಗೆ ಮಾಡುತ್ತಿದ್ದೆ. ಹಿಂದೆ ನಮ್ಮ ಶಾಲೆಗಳಲ್ಲಿ ಬಾಯಿಪಾಠ ಒಪ್ಪಿಸುತ್ತಿದ್ದುದರಲ್ಲಿ ಇದರ ಅಂಶ ಇಲ್ಲದೆ ಇರಲಿಲ್ಲ. ಅರ್ಥ ಕೇಳುವುದನ್ನು ಮಾತ್ರ ಮೇಷ್ಟರು ಮರೆಯುತ್ತಿದ್ದರು.

ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿಸಬಹುದೇ?

ಗ್ರಂಥಾಲಯದವರು ಒಪ್ಪುವುದಿಲ್ಲ. ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಸ್ವಂತ ಅಧ್ಯಯನಕ್ಕೆ ನ್ಯಾಯವಾದ ಬಳಕೆಯನ್ನು ಒಪ್ಪುತ್ತದೆ. ತರಗತಿಗಾಗಿ ಪುಸ್ತಕಗಳ ಭಾಗಗಳನ್ನು ಸೇರಿಸಿ ಮಾಡಿದ ಜೆರಾಕ್ಸ್ ಕಟ್ಟುಗಳ ವಿವಾದದಲ್ಲಿ ದೆಹಲಿ ಹೈಕೋರ್ಟು 2016ರಲ್ಲಿ ಪ್ರಕಾಶಕರ ವಿರುದ್ಧ ತೀರ್ಪು ಕೊಟ್ಟಿತು. ಅಧ್ಯಾಯವೊಂದನ್ನು ಮಾಡಿಸಿಕೊಳ್ಳಲು ಅಂಜಬೇಕಾಗಿಲ್ಲ. ಲೇಖಕರು ತೀರಿಕೊಂಡು 60 ವರ್ಷ ದಾಟಿದ ಕೃತಿಗಳಿಗೆ ಕೃತಿಸ್ವಾಮ್ಯದ ತಡೆಯಿಲ್ಲ, ಆದರೆ ಅಷ್ಟು ಹಳೆಯ ಕಾಗದವನ್ನು ಯಂತ್ರದ ಮೇಲೆ ಬೋರಲು ಒತ್ತಿದರೆ ಹೊಲಿಗೆ ಬಿಚ್ಚುತ್ತದೆ. ಅನುಮತಿ ಕೇಳಿ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಮೊದಲ ಚಿತ್ರ ಶೀರ್ಷಿಕೆ ಪುಟದ್ದಾಗಿರಲಿ. ಇಲ್ಲದಿದ್ದರೆ ಆರು ತಿಂಗಳ ನಂತರ ಯಾವ ಪುಸ್ತಕದ 214ನೆಯ ಪುಟ ಇದು ಎಂದು ತಲೆ ಕೆರೆದುಕೊಳ್ಳುತ್ತೀರಿ.

ಗ್ರಂಥಾಲಯದ ಪುಸ್ತಕ ಕಳೆದುಹೋದರೆ?

ಅದೇ ದಿನ ಹೇಳಿಬಿಡಿ. ಹೇಳದಿದ್ದರೆ ದಂಡ ಬೆಳೆಯುತ್ತಲೇ ಹೋಗುತ್ತದೆ. ಸಾಮಾನ್ಯ ಪದ್ಧತಿಯೆಂದರೆ ಅದೇ ಪುಸ್ತಕದ ಇನ್ನೊಂದು ಪ್ರತಿ ತಂದುಕೊಡುವುದು ಅಥವಾ ಬೆಲೆಯನ್ನು ದಂಡದೊಂದಿಗೆ ಕಟ್ಟುವುದು. ನಾನು ಕಲ್ಯಾಣ ಲೋಕಲಿನ ಸಾಮಾನಿನ ಹಲಗೆಯ ಮೇಲೆ ಇಟ್ಟು ಮರೆತ ಪುಸ್ತಕದ ಮುದ್ರಣ ನಿಂತುಹೋಗಿತ್ತು. ಫ್ಲೋರಾ ಫೌಂಟನ್ ಸುತ್ತಿನ ಹಳೆಯ ಪುಸ್ತಕದವರ ಬಳಿ ನಾಲ್ಕು ಶನಿವಾರ ಅಲೆದ ಮೇಲೆ ಒಂದು ಪ್ರತಿ ಸಿಕ್ಕಿತು, ಕಳೆದುಹೋದದ್ದಕ್ಕಿಂತ ಒಳ್ಳೆಯ ಸ್ಥಿತಿಯಲ್ಲಿ. ಅಂದಿನಿಂದ ರೈಲಿನಲ್ಲಿ ಗ್ರಂಥಾಲಯದ ಪುಸ್ತಕ ನನ್ನ ತೊಡೆಯ ಮೇಲೆಯೇ ಇರುತ್ತದೆ.

ಹಗಲು ಕೆಲಸ ಮಾಡುವವರಿಗೆ ಏನು ದಾರಿ?

ದೂರಶಿಕ್ಷಣದ ವಿದ್ಯಾರ್ಥಿಗಳು ತಮ್ಮ ಕೇಂದ್ರದಲ್ಲಿ ಯಾವ ಗ್ರಂಥಾಲಯ ಸೌಲಭ್ಯವಿದೆ ಎಂಬುದನ್ನು ಪ್ರವೇಶದ ದಿನವೇ ಕೇಳಿಕೊಳ್ಳಬೇಕು. ಎಷ್ಟೋ ಮಂದಿ ಹಣ ಕಟ್ಟಿಯೂ ಅದನ್ನು ಬಳಸುವುದಿಲ್ಲ. ಫೋರ್ಟಿನ ಕಡೆ ಕೆಲಸ ಮಾಡುವವರಿಗೆ ಕಾಲಾ ಘೋಡಾದಲ್ಲಿ 1870ರಲ್ಲಿ ಕಟ್ಟಿ ಮುಗಿಸಿದ ಡೇವಿಡ್ ಸಾಸೂನ್ ಗ್ರಂಥಾಲಯವಿದೆ, ಹಿಂದುಗಡೆ ತೋಟವೂ ಇದೆ. ಚಂದಾದಾರರಾದರೆ ಅಲ್ಲಿ ಕುಳಿತು ಓದಬಹುದು. ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದ ಹಿರಿಯರು ನಮ್ಮಲ್ಲಿ ಎಷ್ಟೋ ಮಂದಿ. ಹೋಟೆಲು ಮುಚ್ಚಿದ ಮೇಲೆ ಅದೇ ಮೇಜಿನ ಮೇಲೆ ಪುಸ್ತಕ ತೆರೆಯುತ್ತಿದ್ದ ಅವರಿಗೆ ಗ್ರಂಥಾಲಯದ ಸಮಯ ಎಂದೂ ಹೊಂದುತ್ತಿರಲಿಲ್ಲ. ಈಗಲೂ ಹೊಂದದವರು ಬಹಳ. ವಿಶ್ವವಿದ್ಯಾಲಯಗಳು ಓದುವ ಕೋಣೆಯನ್ನು ರಾತ್ರಿ ಇನ್ನಷ್ಟು ಹೊತ್ತು ತೆರೆದಿಡಬೇಕೆಂಬುದು ನನ್ನ ಹಳೆಯ ತಕರಾರು.

ಗ್ರಂಥಪಾಲರನ್ನು ಕೇಳಲು ಸಂಕೋಚವಾಗುತ್ತದೆ.

ಪುಸ್ತಕ ಎಲ್ಲಿದೆ ಎಂದು ಕೇಳುವ ಬದಲು, ನನ್ನ ವಿಷಯ ಇದು, ಇಷ್ಟು ನೋಡಿದ್ದೇನೆ, ಇದು ಸಿಕ್ಕಿಲ್ಲ ಎಂದು ಹೇಳಿ. ಅಂಥ ಪ್ರಶ್ನೆ ಅವರಿಗೂ ಅಪರೂಪ. ಇಪ್ಪತ್ತು ವರ್ಷ ಆ ಕಪಾಟುಗಳ ನಡುವೆ ಓಡಾಡಿದ ಸಹಾಯಕರೊಬ್ಬರು ಸೂಚಿಯಲ್ಲಿಯೇ ಇಲ್ಲದ ವರದಿಯೊಂದನ್ನು ನೇರವಾಗಿ ಹೋಗಿ ತಂದುಕೊಟ್ಟದ್ದನ್ನು ನೋಡಿದ್ದೇನೆ.

ಕೋರ್ಸು ಮುಗಿದ ಮೇಲೆ ಏನು ಮಾಡಬೇಕು?

ಎಲ್ಲ ಪುಸ್ತಕಗಳನ್ನು ಹಿಂದಿರುಗಿಸಿ ಬಾಕಿ ಇಲ್ಲವೆಂಬ ಪ್ರಮಾಣಪತ್ರ, ಎಲ್ಲರೂ ನೋ ಡ್ಯೂಸ್ ಎನ್ನುವುದು, ಪಡೆಯಿರಿ. ಪ್ರಬಂಧ ಸಲ್ಲಿಸುವಾಗಲೋ ಪ್ರಮಾಣಪತ್ರ ಪಡೆಯುವಾಗಲೋ ಅದನ್ನು ಕೇಳುತ್ತಾರೆ. ಕೊನೆಯ ವಾರಕ್ಕೆ ಬಿಟ್ಟರೆ ಎರಡು ಮೂರು ಸಹಿಗಾಗಿ ಎರಡು ಮೂರು ದಿನ ಬರಬೇಕಾಗುತ್ತದೆ. ಠೇವಣಿಯನ್ನು ಬಿಟ್ಟು ಹೋಗಬೇಡಿ, ಅದು ನಿಮ್ಮ ಹಣ. ವಾಪಸು ಪಡೆಯಲು ಮೊದಲ ದಿನ ಕೊಟ್ಟ ಆ ಪಾವತಿಯ ಮೂಲಪ್ರತಿ ಬೇಕು, ಅದನ್ನು ಅಂಕಪಟ್ಟಿಗಳ ಜತೆಯಲ್ಲೇ ಇಟ್ಟಿರಿ.